ಬಿಸಿಲಿಗಿಟ್ಟ ನಳಿಕೆಗಳು

ಸೇಠರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಕಷ್ಟವಾದದ್ದೂ ಅದೇ.

"ಒಂದರೆ ಸಿಕ್ಕತೇನ್ರಿ?" ಎಂದರು.

ಸೊಲ್ಲಾಪುರದ ಆಸ್ಪತ್ರೆಯ ಮೇಲ್ಮಹಡಿಯ ಸಣ್ಣ ಕೋಣೆಯಲ್ಲಿ ಮೂವರೇ ಕೂತಿದ್ದೆವು. ಕೆಲಸದ ಹೊಣೆ ಹೊತ್ತ ಡಾಕ್ಟರಬಾಯಿ, ಅದಕ್ಕೆ ಹಣ ಕೊಡುತ್ತಿದ್ದ ಸೇಠರು, ಮತ್ತು ಊರೂರು ತಿರುಗಿ ನಳಿಕೆ ಹಂಚಿ ತರುತ್ತಿದ್ದ ನಾನು. ಏಪ್ರಿಲ್ ತಿಂಗಳು. ಫ್ಯಾನು ಬಿಸಿಗಾಳಿಯನ್ನೇ ತಿರುವಿ ನಮ್ಮ ಮೇಲೆ ಹಾಕುತ್ತಿತ್ತು.

"ಇಲ್ಲ," ಎಂದರು ಡಾಕ್ಟರಬಾಯಿ.

"ಕುಂಭಾರಿ ಆತು, ಕರಜಗಿ ಆತು, ತಡವಳ ಆತು. ಇಷ್ಟು ಮಂದಿ ಪರೀಕ್ಷಾ ಮಾಡೀರಿ, ಒಂದೂ ಇಲ್ಲ. ನಮ್ಮ ಕಡಿ ಈ ರೋಗ ಇಲ್ಲಂತ ತಿಳೀಲ್ಯಾ, ಏನ ನೀವು ಹುಡುಕೂದು ಸರಿ ಇಲ್ಲಂತ ತಿಳೀಲ್ಯಾ? ಇದ ರೊಕ್ಕ ಕಣ್ಣಿನ ಪೊರಿ ತಗ್ಯಾಕ ಹಾಕಿದ್ರ, ಮರುದಿನ ಪಟ್ಟಿ ಬಿಚ್ಚಿದ ಕೂಡ್ಲೆ ಮುದುಕಿ ಮೊಮ್ಮಗಳ ಮಾರಿ ನೋಡತಾಳ. ನಂಗೂ ಕಾಣತೈತಿ, ಆಕಿಗೂ ಕಾಣತೈತಿ. ಇದರಾಗ ನಂಗೇನೂ ಕಾಣವಲ್ದು."

ಸೇಠರು ಬಟ್ಟೆ ವ್ಯಾಪಾರದವರು. ಜಿಪುಣರಲ್ಲ. ಅವರು ಹೇಳಿದ ಹಾಗೆ ಕಣ್ಣು ತೆರೆಸಿಕೊಂಡ ಮುದುಕಿಯೊಬ್ಬಳು ನಮ್ಮ ಓಣಿಯಲ್ಲೇ ಇದ್ದಾಳೆ. ಈಗ ಅಕ್ಕಿಯನ್ನೂ ತಾನೇ ಆರಿಸುತ್ತಾಳೆ.

ನಾವು ಮಾಡುತ್ತಿದ್ದ ಕೆಲಸ ದೊಡ್ಡ ಕರುಳಿನ ಕ್ಯಾನ್ಸರನ್ನು ಅದು ಕಾಣಿಸಿಕೊಳ್ಳುವ ಮೊದಲೇ ಹುಡುಕುವುದು. ಐವತ್ತರ ಆಸುಪಾಸಿನ, ಯಾವ ತೊಂದರೆಯೂ ಇಲ್ಲದ ಗಂಡಸರು ಹೆಂಗಸರಿಗೆ ಒಂದೊಂದು ಚಿಕ್ಕ ಪ್ಲಾಸ್ಟಿಕ್ ನಳಿಕೆ ಕೊಡುತ್ತಿದ್ದೆವು. ಮುಚ್ಚಳಕ್ಕೆ ಅಂಟಿಕೊಂಡ ಗೀರು ಗೀರಿನ ಕಡ್ಡಿ, ಒಳಗೆ ಸ್ವಲ್ಪ ನೀರಿನಂಥ ಔಷಧಿ. ಬೆಳಗಿನ ಮಲದಲ್ಲಿ ಆ ಕಡ್ಡಿಯನ್ನು ಬೇರೆ ಬೇರೆ ಕಡೆ ಚುಚ್ಚಿ, ನಳಿಕೆಗೆ ತಿರುಗಿ ಹಾಕಿ, ಬಿಗಿಯಾಗಿ ಮುಚ್ಚಿ, ಅಲುಗಾಡಿಸಿ ಕೊಡಬೇಕು. ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಪ್ರಯೋಗಶಾಲೆಯಲ್ಲಿ ಆ ಔಷಧಿಯ ಹನಿ ಹಾಕಿದ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡುತ್ತವೆ. ಇಲ್ಲದಿದ್ದರೆ ಒಂದೇ ಗೆರೆ. ಎರಡು ಗೆರೆ ಬಂದವರಿಗೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವುದು. ಗಂಟು ಇದ್ದರೆ ಅದು ಕೆಡುವ ಮೊದಲೇ ಕತ್ತರಿಸಿ ತೆಗೆಯುವುದು.

ಡಾಕ್ಟರಬಾಯಿ ಸೇಠರಿಗೆ ಮೊದಲೇ ತಿಳಿಸಿ ಹೇಳಿದ್ದರು. ತಡವಾಗಿ ಸಿಕ್ಕರೆ ಹೊಟ್ಟೆ ಕೊಯ್ಯಬೇಕು, ಕೀಮೋ ಕೊಡಬೇಕು, ಮನೆಯವರ ದುಡಿಮೆ ನಿಲ್ಲುತ್ತದೆ, ಅಷ್ಟಾದರೂ ಮನುಷ್ಯ ಉಳಿಯುವ ಖಾತ್ರಿ ಇಲ್ಲ. ಮೊದಲೇ ಸಿಕ್ಕರೆ ಒಂದು ದಿನದ ಕೆಲಸ. ಅದಕ್ಕೇ ಈ ಹುಡುಕಾಟಕ್ಕೆ ಹಾಕಿದ ಹಣ ಸಾರ್ಥಕ. ಆದರೆ ಆ ಮಾತು ನಿಲ್ಲಬೇಕಾದರೆ ಏನಾದರೂ ಸಿಗಬೇಕಲ್ಲ.

ನನ್ನನ್ನು ಈ ಕೆಲಸಕ್ಕೆ ಕರೆದದ್ದು ನನಗೆ ಹಳ್ಳಿಯ ಕನ್ನಡ ಬರುತ್ತದೆ ಎಂದು. ಡಾಕ್ಟರಬಾಯಿಯದು ಮರಾಠಿ ಮನೆ. ನಮ್ಮ ಮನೆ ಕುಂಭಾರಿಯಲ್ಲಿ, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಮೇಲೆಯೇ. ಎರಡೂ ಕಡೆಯ ಬಸ್ಸು ಬಾಗಿಲಿಗೆ ಬರುತ್ತದೆ. ಅದೂ ಒಂದು ಕೃಪೆಯೇ. ನಾನು ಒಪ್ಪಿಕೊಂಡದ್ದು ಮಾತ್ರ ನಮ್ಮ ಅತ್ತೆಯವರಿಗಾಗಿ. ಅವರು ಹೋದದ್ದು ಇದೇ ರೋಗದಿಂದ. ಗೊತ್ತಾಗುವ ಹೊತ್ತಿಗೆ ಗಡ್ಡೆ ಕರುಳನ್ನೇ ಮುಚ್ಚಿತ್ತು. ಕೊನೆಯ ತಿಂಗಳುಗಳಲ್ಲಿ ಅವರ ಮೈ ಒರೆಸಿದ್ದು, ಹೊಟ್ಟೆಯ ಮೇಲಿನ ಚೀಲ ಬದಲಿಸಿದ್ದು ನಾನು ಮತ್ತು ಅವರ ಮಗಳು, ಅಂದರೆ ನನ್ನ ನಾದಿನಿ. ಆಕೆಯನ್ನು ಕರಜಗಿಗೆ ಕೊಟ್ಟಿದ್ದಾರೆ. ಹೊಲಮನೆ ಎಲ್ಲ ಚೆನ್ನಾಗಿರುವ ಕುಟುಂಬ.

ಡಾಕ್ಟರಬಾಯಿ ನನ್ನನ್ನು ಮರಾಠಿಯವರ ಹಾಗೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಮೊದಲ ದಿನವೇ ಹೇಳಿದ್ದರು: "ಕಾಕು, ತಾಯಿಗೆ ಆದದ್ದು ಮಗಳಿಗೆ ಆಗುವ ಭಯ ಉಳಿದವರಿಗಿಂತ ಜಾಸ್ತಿ. ನಿಮ್ಮ ನಾದಿನಿಗೆ ನಳಿಕೆ ಬೇಡ, ನೇರವಾಗಿ ಕ್ಯಾಮೆರಾಕ್ಕೇ ಕರೆತನ್ನಿ."

ನಾದಿನಿ ಕೇಳಲಿಲ್ಲ. "ಆ ಪೈಪು ಗೀಪು ನಾ ಒಲ್ಲೆ. ನಾಳಿ ಊರಾಗ ಹ್ಯಾಂಗ ಮಾರಿ ತೋರಸಲಿ? ಎಲ್ಲಾರಿಗೂ ಕೊಡೂ ಟ್ಯೂಬು ನಂಗೂ ಕೊಡು. ಅದು ಐತಿ ಅಂದ್ರ ಬರತೀನಿ. ಇಲ್ಲ ಅಂದ್ರ ಮತ್ತ ಈ ಸುದ್ದಿ ತಗೀಬ್ಯಾಡ. ಆಣಿ ಮಾಡು."

ನಾನು ಒಪ್ಪಿದೆ. ಆಕೆಯ ನಳಿಕೆಗೆ ಒಂದೇ ಗೆರೆ ಬಂತು. ಆ ಸಂಜೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ.

ಈಗ ಸೇಠರ ಮಾತು ಕೇಳುತ್ತ ಕೂತಾಗ ಆ ತುಪ್ಪದ ದೀಪ ಕಣ್ಣ ಮುಂದೆ ಬಂತು. ಹುಡುಕುವ ರೀತಿಯೇ ಸರಿ ಇಲ್ಲದಿದ್ದರೆ ಆಕೆಯ ಆ ಒಂದು ಗೆರೆಗೆ ಏನರ್ಥ?

ಸೇಠರು ಮೇ ತಿಂಗಳ ಕೊನೆಯವರೆಗೆ ಗಡುವು ಕೊಟ್ಟರು. ಆಮೇಲೆ ಹಣ ಕಣ್ಣಿನ ಕೆಲಸಕ್ಕೆ ಹೋಗುತ್ತದೆ ಎಂದರು.

ಅದೇ ವಾರ ಬುಧವಾರ ನಾನು ಕರಜಗಿಗೆ ಹೋದೆ. ಅಲ್ಲಿ ಕೆಲವರದು ಇನ್ನೂ ಉಳಿದಿತ್ತು, ನಳಿಕೆ ತರುವ ದಿನ ಗುರುವಾರ. ಹಿಂದಿನ ದಿನ ಹೋದದ್ದು ಇದೇ ಮೊದಲು. ನಾದಿನಿಯ ಅತ್ತೆಗೆ ಜ್ವರ ಎಂದು ನೋಡಲು ಹೋಗಿದ್ದೆ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಕಾಲು ತೊಳೆಯಲು ಹಿತ್ತಲಿಗೆ ಹೋದರೆ, ಬಚ್ಚಲಿನ ತಗಡಿನ ಮೇಲೆ ಒಂದು ಕಲ್ಲು, ಕಲ್ಲಿಗೆ ಒರಗಿಸಿ ನಮ್ಮದೇ ಒಂದು ನಳಿಕೆ. ಮುಟ್ಟಿದೆ. ಕೈ ಹಿಂದೆಗೆದೆ. ಅಷ್ಟು ಸುಡುತ್ತಿತ್ತು.

"ಇದು ಯಾರದು?"

"ನಮ್ಮನಿಯವರದು. ನಾಳಿ ನೀ ಬರತೀಯಲ್ಲ, ಅದಕ್ಕ ತಗದಿಟ್ಟಾರ," ಎಂದಳು ನಾದಿನಿ.

"ಯಾವಾಗ ತಗದದ್ದು?"

"ಮಂಗಳವಾರ ಮುಂಜಾನಿ."

"ನಾಳಿ ಮುಂಜಾನಿ ತಗದ ಕೊಡ್ರಿ ಅಂತ ಹೇಳಿದ್ನೆಲ್ಲ?"

ನಾದಿನಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ನಾಳಿ ಬೇಸ್ತವಾರ ವೈನಿ. ಸ್ವಾಮಿಗಳ ವಾರ. ಅಂಥಾ ದಿನ ಹೇಲಿನಾಗ ಕಡ್ಡಿ ಆಡಸೂದಾ? ಬುಧವಾರ ಮನಿ ಸಾರಸತೀವಿ, ದೇವರ ಸಾಮಾನ ತಿಕ್ಕತೀವಿ. ಅಷ್ಟರೊಳಗ ಅದು ಮನಿ ಹೊರಗ ಹೋಗಿರಬೇಕು. ಎಲ್ಲಾರೂ ಹಂಗ ಮಾಡತಾರ. ನಿನಗ ಗೊತ್ತಿಲ್ಲೇನು, ನೀನೂ ಬೇಸ್ತವಾರದಾಕಿನ ಅಲ್ಲೇನು?"

ಹೌದು. ನಾನೂ ಗುರುವಾರದವಳೇ. ಅಕ್ಕಲಕೋಟೆಯ ಸ್ವಾಮಿಗಳ ಮಠಕ್ಕೆ ಪ್ರತಿ ಗುರುವಾರ ಹೋಗುತ್ತೇನೆ, ಒಪ್ಪೊತ್ತು ಇರುತ್ತೇನೆ. ನಳಿಕೆ ತರುವ ದಿನ ಯಾವುದಿರಲಿ ಎಂದು ಡಾಕ್ಟರಬಾಯಿ ಕೇಳಿದಾಗ ಗುರುವಾರ ಎಂದವಳು ನಾನೇ. ಒಳ್ಳೆಯ ವಾರ, ದರ್ಶನವೂ ಆಗುತ್ತದೆ, ಕೆಲಸವೂ ಆಗುತ್ತದೆ ಎಂದು. ಪಟ್ಟಿ ನೋಡುವ ತಂತ್ರಜ್ಞನೂ ಬೇರೆ ದಿನ ಬೇರೆ ಕಡೆ ಕೆಲಸ ಮಾಡುವವನು. ಅವನಿಗೂ ಗುರುವಾರವೇ ಬಿಡುವಿತ್ತು. ಎಲ್ಲ ಕೂಡಿ ಬಂತೆಂದು ಸಂತೋಷಪಟ್ಟಿದ್ದೆ.

ಆ ದಿನವೇ ನಾದಿನಿಯನ್ನು ಜೊತೆಗೆ ಕರೆದುಕೊಂಡು ನಾಲ್ಕಾರು ಮನೆಗಳ ಹಿತ್ತಲಿಗೆ ಹೋಗಿ ನೋಡಿದೆ. ಒಂದು ನಳಿಕೆ ಕಾಂಪೌಂಡಿನ ಗೋಡೆಯ ಮೇಲೆ. ಒಂದು ದನದ ಕೊಟ್ಟಿಗೆಯ ತಗಡಿನ ಸಂದಿಯಲ್ಲಿ. ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇವಿನ ಗಿಡಕ್ಕೆ ತೂಗುಹಾಕಿದ್ದರು. ಆ ಮನೆಯವರೇ ಸ್ವಲ್ಪ ಜಾಣರು ಅನ್ನಿಸಿತು, ನೆರಳಾದರೂ ಇತ್ತು.

ಡಾಕ್ಟರಬಾಯಿಗೆ ಫೋನು ಮಾಡಿದೆ. ಅವರು ಎಷ್ಟು ದಿನ, ಎಷ್ಟು ಬಿಸಿಲು ಎಂದು ಎರಡು ಸಲ ಕೇಳಿದರು. ಆಮೇಲೆ, "ರಕ್ತದ ಅಂಶ ಶಾಖಕ್ಕೆ ಒಡೆದು ಹೋಗುತ್ತದೆ. ಅದಕ್ಕೇ ತಂಪಿನಲ್ಲಿಡಿ ಅಂತ ಬರೆಸಿದ್ದೆ. ಇಷ್ಟು ದಿನ ಹೊರಗಿರಬಹುದು ಅಂತ ನನಗೆ ಹೊಳೆಯಲೇ ಇಲ್ಲ," ಎಂದರು. "ಆದರೆ ಕಾಕು, ಹೀಗೇ ಆಗಿದೆ ಅಂತ ನಾವಿಬ್ಬರೂ ಊಹೆ ಮಾಡುತ್ತಿದ್ದೇವೆ. ನೋಡಿಯೇ ಬಿಡೋಣ."

ಅವರ ವಾರ್ಡಿನಲ್ಲಿ ಕರುಳಿನಿಂದ ರಕ್ತ ಹೋಗುತ್ತಿದ್ದ ರೋಗಿಯೊಬ್ಬರಿದ್ದರು. ಅವರನ್ನು ಕೇಳಿ, ಒಂದೇ ಮಲದಿಂದ ಎರಡು ನಳಿಕೆ ತುಂಬಿದರು. ಒಂದನ್ನು ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟರು. ಇನ್ನೊಂದನ್ನು ಮಂಗಳವಾರ ನನ್ನ ಕೈಗೆ ಕೊಟ್ಟರು. ಅದನ್ನು ತಂದು ನಮ್ಮ ಬಚ್ಚಲಿನ ತಗಡಿನ ಮೇಲೆ ಇಟ್ಟೆ. ನಾದಿನಿಯ ಮನೆಯಲ್ಲಿದ್ದ ಹಾಗೆಯೇ ಒಂದು ಕಲ್ಲಿಗೆ ಒರಗಿಸಿ.

ನಮ್ಮ ಮನೆಯವರು ಹಿತ್ತಲಿಗೆ ಬಂದು ನೋಡಿದರು. "ಅಲ್ಲ, ಊರ ಮಂದೀದು ಸಾಲದು ಅಂತ ಈಗ ಮನಿಗೇ ತಂದ್ಯಾ?" ಎಂದರು. ಬೈದದ್ದು ಅಷ್ಟೇ. ಅದೂ ಒಂದು ಕೃಪೆ.

ಗುರುವಾರ ಅದನ್ನು ತೆಗೆದುಕೊಂಡು ಹೋದೆ. ತಂತ್ರಜ್ಞ ಎರಡು ಪಟ್ಟಿ ಹೊರತೆಗೆದು ಅಕ್ಕಪಕ್ಕ ಇಟ್ಟ. ಎರಡರ ಮೇಲೂ ಹನಿ ಹಾಕಿದ. ಫ್ರಿಜ್ಜಿನದರಲ್ಲಿ ಎರಡನೆಯ ಗೆರೆ ನಾವು ನೋಡುತ್ತಿದ್ದಂತೆಯೇ ಮೂಡಿತು, ಕುಂಕುಮ ಹಚ್ಚಿದಷ್ಟು ಕೆಂಪಗೆ. ನಮ್ಮ ತಗಡಿನದರಲ್ಲಿ ಒಂದೇ ಗೆರೆ. ಕಾದೆವು. ಡಾಕ್ಟರಬಾಯಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಒಂದೇ ಗೆರೆ.

ರಕ್ತ ಸುರಿಯುತ್ತಿದ್ದ ರೋಗಿಗೆ ನಮ್ಮ ಕುಂಭಾರಿಯ ಬಿಸಿಲು ಏನೂ ಇಲ್ಲ ಅಂದಿತ್ತು.

ಆ ಕ್ಷಣ ನನಗೆ ನೆನಪಾದದ್ದು ಕಾರ್ಯಕ್ರಮವಲ್ಲ, ಸೇಠರಲ್ಲ. ನಾದಿನಿ. ಆಕೆಯ ನಳಿಕೆಯೂ ಆಕೆಯ ಮನೆಯ ಅಂಥದೇ ತಗಡಿನ ಮೇಲಿತ್ತು.

ಡಾಕ್ಟರಬಾಯಿ ಸೇಠರನ್ನು ಕರೆಸಿ ಎರಡೂ ಪಟ್ಟಿ ತೋರಿಸಿದರು. ಸೇಠರು ಕನ್ನಡಕ ಹಾಕಿಕೊಂಡು ನೋಡಿದರು.

"ಅಂದ್ರ ಇಷ್ಟು ದಿನ ಮಾಡಿದ್ದೆಲ್ಲಾ ನೀರಾಗ ಹೋತು."

"ಬೇಸಿಗೆಯದು ಹೋಯಿತು," ಎಂದರು ಡಾಕ್ಟರಬಾಯಿ.

"ಹಂಗಾರ ಇಲ್ಲಿಗೇ ಬಿಡ್ರಿ. ಊರಾಗ ಹೋಗಿ ನಿಮ್ಮ ರಿಪೋರ್ಟು ಸುಳ್ಳು ಅಂತ ಹೇಳಿದ್ರ ಮಂದಿ ಹೆದರತಾರ. ನಾಳಿ ಕಣ್ಣಿನ ಶಿಬಿರಕ್ಕೂ ಬರೂದಿಲ್ಲ. ಇದ್ದದ್ದೂ ಹೋಗತೈತಿ."

ಅದರಲ್ಲೂ ತಪ್ಪಿರಲಿಲ್ಲ. ನಾನು ದೊಡ್ಡವರ ಮಧ್ಯೆ ಮಾತಾಡುವವಳಲ್ಲ. ಆದರೆ ಬಾಯಿ ತಾನಾಗಿಯೇ ತೆರೆಯಿತು.

"ಸೇಠಜಿ, ಮನಿಮನಿಗೆ ಹೋಗಿ ನಿಮಗ ಏನೂ ಇಲ್ರಿ ಅಂತ ಹೇಳಿ ಬಂದಾಕಿ ನಾನು. ಅವರು ನನ್ನ ಮಾತಿನ ಮ್ಯಾಲ ನಿಶ್ಚಿಂತಿಯಿಂದ ಕುಂತಾರ. ಪರೀಕ್ಷಾನ ಮಾಡಿರದಿದ್ರ ನಾಳಿ ಹೊಟ್ಟಿ ಬ್ಯಾನಿ ಬಂತಂದ್ರ ದವಾಖಾನಿಗರೆ ಹೋಗತಿದ್ರು. ಈಗ ಅದೂ ಹೋಗೂದಿಲ್ಲ. ಒಂದ ಊರು ಕೊಡ್ರಿ. ಕರಜಗಿ ಒಂದ. ಉಳದಿರೂ ಕಿಟ್ಟಿನಾಗ ಸರಿಯಾಗಿ ಮತ್ತೊಮ್ಮಿ ಮಾಡತೀನಿ. ಆಮ್ಯಾಲ ನೀವು ಬ್ಯಾಡಂದ್ರ ಬ್ಯಾಡ."

ಸೇಠರು ಪಟ್ಟಿಗಳನ್ನೇ ನೋಡುತ್ತ ಕೂತರು. "ಒಂದ ಊರು," ಎಂದರು ಕೊನೆಗೆ.

ಡಾಕ್ಟರಬಾಯಿ ಒಂದು ಷರತ್ತು ಹಾಕಿದರು. ಈ ಸಲ ಸಂಶಯಕ್ಕೆ ಎಡೆ ಇರಬಾರದು. ಅಂದು ಬೆಳಿಗ್ಗೆ ತೆಗೆದದ್ದು ಅಂದೇ ಪರೀಕ್ಷೆಯಾಗಬೇಕು. ಲಸಿಕೆ ಒಯ್ಯುವ ನೀಲಿ ಡಬ್ಬಿಯಲ್ಲಿ ಮಂಜಿನ ಪೊಟ್ಟಣಗಳ ನಡುವೆ ಇಟ್ಟು ಮಧ್ಯಾಹ್ನದೊಳಗೆ ಸೊಲ್ಲಾಪುರ ಮುಟ್ಟಿಸಬೇಕು. ತಂತ್ರಜ್ಞನಿಗೆ ಬೇರೆ ದಿನ ಬಿಡುವಿಲ್ಲ. ಅಂದರೆ ಗುರುವಾರ. ಜನ ನಳಿಕೆ ಮುಟ್ಟಲು ಒಲ್ಲದ ದಿನವೇ ಅದನ್ನು ಕೇಳಬೇಕು.

ಬುಧವಾರ ಸಂಜೆ ಕರಜಗಿಗೆ ಹೋಗಿ ನಾದಿನಿಯ ಮನೆಯಲ್ಲೇ ಉಳಿದೆ. ಓಣಿಯ ಹೆಂಗಸರನ್ನು ಕಟ್ಟೆಗೆ ಕರೆಸಿ, ಹೊಸ ನಳಿಕೆಗಳನ್ನು ಮುಂದಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿದೆ. ಬಿಸಿಲಿಗೆ ಕೆಟ್ಟಿತು, ಹಳೆಯ ರಿಪೋರ್ಟು ನಂಬಬೇಡಿ, ನಾಳೆ ಬೆಳಿಗ್ಗೆ ಮತ್ತೆ ಕೊಡಿ ಎಂದು.

"ನಾಳಿ ಬೇಸ್ತವಾರ," ಎಂದಳು ಒಬ್ಬಾಕೆ.

"ಗೊತ್ತೈತಿ."

"ಗೊತ್ತಿದ್ದೂ ಕೇಳತೀಯಲ್ಲವ್ವಾ. ಸ್ವಾಮಿಗಳ ಮಠಕ್ಕ ಹೋಗಾಕಿ ನೀನ ಹಿಂಗಂದ್ರ?"

ಆ ಮಾತಿಗೆ ಏನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಆಗ ಬಂದದ್ದು ಇಷ್ಟೇ: "ನಾಳಿ ನಂದೂ ಉಪಾಸ. ನಾ ಮಠಕ್ಕ ಹೋಗೂದಿಲ್ಲ, ನಿಮ್ಮ ಬಾಗಲಿಗೆ ಬರತೀನಿ. ನೀವು ಟ್ಯೂಬು ಒಂದು ತಾಸೂ ಮನ್ಯಾಗ ಇಟಗೋಬ್ಯಾಡ್ರಿ. ಕಡ್ಡಿ ಹಾಕಿದ ಕೂಡ್ಲೆ ಹಿತ್ತಲ ಬಾಗಲಿಗೆ ಬಂದು ನನ್ನ ಕೈಯಾಗ ಕೊಡ್ರಿ. ಕೊಟ್ಟು ಜಳಕಾ ಮಾಡಿ ನಿಮ್ಮ ಪೂಜಾ ನೀವು ಮಾಡ್ರಿ. ಮೈಲಿಗಿ ಇದ್ರ ನಂಗಿರಲಿ. ಸ್ವಾಮಿಗಳಿಗೆ ನಾ ಹೇಳಿಕೋತೀನಿ."

ಒಬ್ಬೊಬ್ಬರೇ ಎದ್ದು ಹೋದರು. ನಳಿಕೆಗಳನ್ನು ಮಾತ್ರ ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಅದೊಂದೇ ಧೈರ್ಯ.

ನಾದಿನಿ ತನ್ನ ನಳಿಕೆಯನ್ನು ಮುಟ್ಟಲೇ ಇಲ್ಲ. ಅದು ಕಟ್ಟೆಯ ಮೇಲೆ ಬಿದ್ದಿತ್ತು.

"ನೀ ಆಣಿ ಮಾಡೀದಿ," ಎಂದಳು.

"ಮಾಡೀನಿ. ಮುರಿಯಾಕತ್ತೀನಿ."

"ನಂಗೇನಾಗೇತಿ? ದಿನಾ ಹೊಲಕ್ಕ ಬುತ್ತಿ ಹೊತ್ತು ಹೋಗತೀನಿ, ನಿನಗಿಂತ ಗಟ್ಟಿ ಅದೀನಿ."

"ನಿಮ್ಮವ್ವನೂ ಗಟ್ಟಿ ಇದ್ದಳು."

ಆಕೆ ಎದ್ದು ಒಳಗೆ ಹೋದಳು. ನಾನು ಆ ಮಾತು ಆಡಬಾರದಿತ್ತೋ ಏನೋ.

ಬೆಳಗಾಗುವ ಹೊತ್ತಿಗೆ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೊರಟೆ. ಮೊದಲ ಮನೆಯ ಹಿತ್ತಲಲ್ಲಿ ಯಾರೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಮನೆಯಾಕೆ, ಅದೇ ನಿನ್ನೆ ನನ್ನನ್ನು ಪ್ರಶ್ನಿಸಿದವಳು, ಬಾಗಿಲು ಸ್ವಲ್ಪವೇ ತೆರೆದು ಕೈಯಷ್ಟೇ ಚಾಚಿದಳು. ಕಾಗದದಲ್ಲಿ ಸುತ್ತಿದ ನಳಿಕೆ. "ಲಗೂನ ಒಯ್ಯಿ," ಎಂದು ಬಾಗಿಲು ಹಾಕಿಕೊಂಡಳು. ಅಲ್ಲಿಂದ ಮುಂದೆ ಕೈಗಳೇ ಬಂದವು. ಒಬ್ಬಾಕೆ ಗೋಡೆಯ ಮೇಲಿನಿಂದ ಕೊಟ್ಟಳು. ಒಬ್ಬ ಅಜ್ಜ ತಾನೇ ನಡೆದು ಬಂದು, "ನಂದು ಈಗ ಬಿಸಿಬಿಸಿ ಐತಿ ನೋಡವ್ವಾ," ಎಂದು ನಗುತ್ತ ಕೊಟ್ಟ. ಮೊದಲೆರಡು ಮನೆಯವರೂ ತಿರುಗಿ ಬರುವಾಗ ಕರೆದು ಕೊಟ್ಟರು. ಎಲ್ಲರೂ ಕೊಟ್ಟರೆಂದಲ್ಲ. ಕೊಟ್ಟವರೇ ಜಾಸ್ತಿ.

ಬಸ್ಸಿನ ಹೊತ್ತಾಯಿತು. ನಿಲ್ದಾಣದಲ್ಲಿ ಡಬ್ಬಿಯನ್ನು ಕಾಲ ಬಳಿ ನೆರಳಿಗಿಟ್ಟು ನಿಂತಿದ್ದೆ. ನಾದಿನಿಯದು ಬಂದಿರಲಿಲ್ಲ. ಆಣೆ ಮುರಿದೂ ಆಯಿತು, ಆಕೆ ಒಪ್ಪಲೂ ಇಲ್ಲ. ಬಸ್ಸು ಬಂದು ನಿಂತಿತು. ಹತ್ತಿದೆ. ಕಂಡಕ್ಟರ್ ಗಂಟೆ ಎಳೆಯುವಷ್ಟರಲ್ಲಿ ಕಿಟಕಿಯ ಹೊರಗಿನಿಂದ ಯಾರೋ ತಗಡು ಬಡಿದರು. ನಾದಿನಿ. ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಎಲೆಯಡಿಕೆಯ ಚೀಲ. ಅದನ್ನು ಕಿಟಕಿಯಿಂದ ಒಳಗೆ ತೂರಿಸಿದಳು.

"ಏನ್ರಿ ಬಾಯಿ, ರೊಟ್ಟಿ ಮರತಿದ್ರೇನು?" ಎಂದ ಕಂಡಕ್ಟರ್.

"ಹೂಂ, ರೊಟ್ಟಿ. ನೀ ಕೇಳಿ ತಿನ್ನಬ್ಯಾಡ," ಎಂದಳು ಆಕೆ. ನನ್ನ ಕಡೆ ನೋಡಲಿಲ್ಲ.

ಸೊಲ್ಲಾಪುರದಲ್ಲಿ ತಂತ್ರಜ್ಞ ಒಂದೊಂದೇ ಪಟ್ಟಿ ಸಾಲಾಗಿ ಜೋಡಿಸಿದ. ಹೆಸರಿಲ್ಲ, ಅಂಕಿ ಮಾತ್ರ. ನಾನು ಹೊರಗಿನ ಬಾಕಿನ ಮೇಲೆ ಕೂತು ಜಪ ಮಾಡಲು ಹೋದೆ. ಮಣಿ ಬೆರಳಿನಲ್ಲಿ ನಿಂತಲ್ಲೇ ನಿಂತಿತ್ತು. ಡಾಕ್ಟರಬಾಯಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಅವರು ಹಾಗೆ ಕೂರುವವರಲ್ಲ.

"ಎರಡು ನಳಿಕೆಗೆ ಎರಡು ಗೆರೆ ಬಂದಿದೆ ಕಾಕು. ಅದರಲ್ಲಿ ಒಂದು ನಿಮ್ಮ ನಾದಿನಿಯದು."

ಮರುದಿನ ಕರಜಗಿಗೆ ಹೋಗಿ ಹೇಳಿದಾಗ ನಾದಿನಿ ಅಳಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ಅವತ್ತ ಇಲ್ಲ ಅಂದ್ರಿ. ಇವತ್ತ ಐತಿ ಅಂತೀರಿ. ನಾಳಿ ಮತ್ತೇನರೆ ಅಂತೀರಿ. ಯಾವುದು ಖರೆ ಅಂತ ನಂಬಲಿ?"

"ಇದೂ ಪೂರ್ತಿ ಖರೆ ಅಲ್ಲ," ಎಂದೆ. ಡಾಕ್ಟರಬಾಯಿ ನನಗೆ ಹಾಗೆಯೇ ಹೇಳಿ ಕಳಿಸಿದ್ದರು. "ರಕ್ತ ಐತಿ ಅಂತ ಅಷ್ಟ ಹೇಳತೈತಿ. ಮೂಲವ್ಯಾಧಿಯಿಂದನೂ ಬರತೈತಿ, ಏನೂ ಇಲ್ಲದನೂ ಬರತೈತಿ. ಖರೆ ಏನು ಅಂತ ಒಳಗ ನೋಡಿದ್ರ ಗೊತ್ತಾಗೂದು. ಅದಕ್ಕ ನಡಿ."

"ಮತ್ತ ಆ ಪೈಪು."

"ಆ ಪೈಪ."

ಆಕೆ ಮೊರ ಎತ್ತಿಕೊಂಡು ಎರಡು ಸಲ ಕೇರಿದಳು. "ನಿಮ್ಮ ಮನಿಗೆ ಬರತೀನಿ. ಇಲ್ಲಿ ಯಾರಿಗೂ ಹೇಳಬ್ಯಾಡ. ಅಣ್ಣಗ ಬ್ಯಾನಿ ಐತಿ, ನೋಡಾಕ ಹೋಗೀನಿ ಅಂತ ಹೇಳತೀನಿ," ಎಂದಳು. ನಮ್ಮ ಮನೆಯವರಿಗೆ ಸುಮ್ಮನೆ ಕಾಯಿಲೆ ಬಂತು.

ಪರೀಕ್ಷೆಗೆ ಕರುಳು ಸ್ವಚ್ಛವಾಗಿರಬೇಕು. ಹಿಂದಿನ ದಿನ ಗಂಜಿಯ ತಿಳಿ, ಎಳನೀರು ಬಿಟ್ಟರೆ ಏನೂ ಇಲ್ಲ. ಆಮೇಲೆ ಪುಡಿ ಕಲಸಿದ ನೀರು, ದೊಡ್ಡ ತಂಬಿಗೆಯ ತುಂಬ, ಸ್ವಲ್ಪ ಸ್ವಲ್ಪವೇ ಕುಡಿದು ಮುಗಿಸಬೇಕು. ಉಪ್ಪುಪ್ಪಾದ, ನಿಂಬೆಯ ವಾಸನೆಯ ನೀರು. ನಾದಿನಿ ಮೊದಲ ಲೋಟಕ್ಕೇ ಮುಖ ಕಿವುಚಿದಳು.

"ಒಲ್ಲೆ ಅನಬ್ಯಾಡ. ತೀರ್ಥ ಅಂತ ಕುಡಿ."

"ಇಂಥಾ ತೀರ್ಥ ಕೊಟ್ರ ನಿಮ್ಮ ಸ್ವಾಮಿಗಳ ಮಠಕ್ಕ ಯಾರೂ ಬರೂದಿಲ್ಲ," ಎಂದಳು. ಆಮೇಲೆ ಮಾತಾಡಲು ಪುರುಸೊತ್ತಿರಲಿಲ್ಲ, ಹಿತ್ತಲಿಗೆ ಓಡಾಡಿ ಸುಸ್ತಾದಳು. ಹೊರಗೆ ಹೋಗುವುದು ನೀರಿನ ಹಾಗೆ ತಿಳಿಯಾದ ಮೇಲೆ ಮುಗಿಯಿತು ಎಂದು ಡಾಕ್ಟರಬಾಯಿ ಹೇಳಿದ್ದರು. ನಾನು ಪ್ರತಿ ಸಲವೂ ನೋಡಿದೆ. ಅತ್ತೆಯವರ ಕಾಲದಲ್ಲಿ ಇದಕ್ಕಿಂತ ಕಷ್ಟದ್ದು ನೋಡಿದ್ದೇವಲ್ಲ, ಇಬ್ಬರಿಗೂ ನಾಚಿಕೆ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಆಕೆಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಮೇಲಿನ ದೀಪ ಹೊತ್ತಿಕೊಂಡಿತು. ಎದುರಿಗೆ ಕೂತು ಆ ದೀಪವನ್ನೇ ನೋಡಿದೆ. ದೇವರನ್ನು ಏನು ಕೇಳಬೇಕೆಂದು ತಿಳಿಯಲಿಲ್ಲ. ಏನೂ ಇರದಿರಲಿ ಎಂದು ಕೇಳಿದರೆ, ಇದ್ದದ್ದು ಕಾಣದೆ ಹೋದರೆ ಎಂಬ ಭಯ. ಕೊನೆಗೆ, ಇದ್ದದ್ದು ಕಾಣಲಿ ಎಂದೆ.

ಡಾಕ್ಟರಬಾಯಿ ಬಂದು ಬೆರಳ ತುದಿಯನ್ನು ಹೆಬ್ಬೆರಳಿನಿಂದ ಹಿಡಿದು ತೋರಿಸಿದರು. ಬಾರೀಹಣ್ಣಿನಷ್ಟು ಒಂದು ಗಂಟು, ತೊಟ್ಟಿನ ಮೇಲೆ ನಿಂತಿತ್ತಂತೆ. ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದಿದ್ದರು. ಅದರ ತುಣುಕಿನ ವರದಿ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆವು ಎಂದು ಬರೆಯುವುದಿಲ್ಲ. ಬಂತು. ಗಂಟು ಕೆಡಲು ಹೊರಟಿತ್ತು, ಕೆಟ್ಟಿರಲಿಲ್ಲ. ಪೂರ್ತಿ ಬಂದಿತ್ತು. ಡಾಕ್ಟರು ಹೇಳಿದಾಗ ಮತ್ತೊಮ್ಮೆ ನೋಡಿಸಿಕೊಂಡರೆ ಸಾಕು. ಎರಡು ಗೆರೆ ಬಂದ ಇನ್ನೊಬ್ಬರು ಆ ಬಿಸಿಬಿಸಿ ಅಜ್ಜ. ಅವರಿಗೆ ಮೂಲವ್ಯಾಧಿ ಬಿಟ್ಟರೆ ಏನೂ ಇರಲಿಲ್ಲ.

ಸೇಠರ ಮುಂದೆ ಮತ್ತೆ ಕೂತೆವು. ನಾನಂತೂ ಇನ್ನೇನು ಗೆದ್ದೆವು ಎಂದುಕೊಂಡಿದ್ದೆ.

"ಹಂಗಾರ ಇದು ಸಾರ್ಥಕ ಆತು ಅಂತ ಬರಕೋಲೇನು?" ಎಂದರು ಸೇಠರು.

"ಬೇಡ," ಎಂದರು ಡಾಕ್ಟರಬಾಯಿ. "ಗಂಟು ಸಿಕ್ಕದ್ದು ಇವರ ನಾದಿನಿಗೆ, ಅವರ ತಾಯಿಗೆ ಇದ್ದ ರೋಗ. ಅವರಿಗೆ ಕ್ಯಾಮೆರಾ ಮೊದಲೇ ಮಾಡಬೇಕಿತ್ತು. ಒಬ್ಬರನ್ನು ತೋರಿಸಿ ಇಡೀ ಊರಿಗೆ ಹಾಕಿದ ಹಣ ಸಾರ್ಥಕ ಅಂತ ಹೇಳಿದರೆ ಅದೂ ಸುಳ್ಳೇ. ಹಿಂದಿನ ಸಲ ಏನೂ ಇಲ್ಲ ಅಂದದ್ದು ಹೇಗೆ ಸುಳ್ಳೋ ಹಾಗೆ."

ನನಗೆ ಅವರ ಮೇಲೆ ಸಿಟ್ಟು ಬಂತು. ಕೈಗೆ ಬಂದದ್ದನ್ನು ಬಿಟ್ಟುಕೊಡುತ್ತಿದ್ದಾರಲ್ಲ ಎಂದು. ಸೇಠರಿಗೆ ಮಾತ್ರ ಆ ಮಾತು ಹಿಡಿಸಿದಂತೆ ಕಂಡಿತು. ವ್ಯಾಪಾರದವರು, ತಮ್ಮ ಸರಕಿನ ದೋಷ ತಾವೇ ಹೇಳುವವರನ್ನು ಅಪರೂಪಕ್ಕೆ ನೋಡುತ್ತಾರೇನೋ.

"ಚಳಿ ಬೀಳಲಿ," ಎಂದರು. "ಮೂರೂ ಊರು ಮೊದಲಿಂದ ಮಾಡ್ರಿ, ಡಬ್ಬಿಯೊಳಗ ಮಂಜು ಇಟ್ಟು, ಸರಿಯಾಗಿ. ಆಮ್ಯಾಲ ನಾ ಮತ್ತ ಇದನ್ನ ಕೇಳತೀನಿ. ಆವಾಗ ಏನೂ ಸಿಗಲಿಲ್ಲಂದ್ರ ಕಣ್ಣಿಗೆ ಹಾಕತೀನಿ, ಸಿಟ್ಟಾಗಬಾರದು."

"ಹಳೆಯ ರಿಪೋರ್ಟಿನ ವಿಷಯ ಮಾತ್ರ ಚಳಿಗಾಲದವರೆಗೆ ಕಾಯಬಾರದು," ಎಂದರು ಡಾಕ್ಟರಬಾಯಿ ನನ್ನ ಕಡೆ ತಿರುಗಿ. "ಈಗಲೇ ಹೋಗಿ ಹೇಳಬೇಕು. ಹೊಟ್ಟೆಯ ತೊಂದರೆ, ರಕ್ತ, ತೂಕ ಇಳಿಯುವುದು, ಏನೇ ಇದ್ದರೂ ನೇರವಾಗಿ ಆಸ್ಪತ್ರೆಗೆ."

ಮೊದಲು ತಡವಳಕ್ಕೆ ಹೊರಟೆ. ಅಲ್ಲಿ ನನಗೆ ಬಂಧುಗಳಿಲ್ಲ, ಗುರುತಿನ ಹಿತ್ತಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ, ಇನ್ನೂ ನಮ್ಮ ಮನೆಯಲ್ಲೇ ಇದ್ದ ನಾದಿನಿ ಬಂದು ಪಕ್ಕದಲ್ಲಿ ನಿಂತಳು. ಇಬ್ಬರ ಟಿಕೆಟ್ಟೂ ನಾನೇ ತೆಗೆದೆ.

ಮೊದಲ ಮನೆ ದೊಡ್ಡದು. ಪಡಸಾಲೆಯಲ್ಲಿ ಗಂಡಸರು ಕೂತಿದ್ದರು. ಹೊರಸಿನ ಮೇಲೆ ಯಜಮಾನರು, ಕಿವಿಯ ಹತ್ತಿರ ಪೂರ್ತಿ ಬೆಳ್ಳಗಾದವರು. ನಿಂತೇ ಎಲ್ಲ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು.

"ಅಂದ್ರ ನಂಗ ಆ ರೋಗ ಐತಿ ಅಂತೀಯೇನು?"

"ಗೊತ್ತಿಲ್ರಿ ಕಾಕಾ."

"ಅವತ್ತ ಇಲ್ಲ ಅಂದಿದ್ದಿ."

"ಅವತ್ತನೂ ಗೊತ್ತಿರಲಿಲ್ರಿ."

ಒಬ್ಬ ಗಂಡಸು ಮೀಸೆಯಲ್ಲೇ ನಕ್ಕ. ಮತ್ತೊಬ್ಬ, ಇವರಿಗೆ ಬೇರೆ ಉದ್ಯೋಗವಿಲ್ಲ ಎಂದು ಮರಾಠಿಯಲ್ಲಿ ಗೊಣಗಿದ.

"ನಂಗಿತ್ತು," ಎಂದಳು ನಾದಿನಿ.

ಅಣ್ಣನಿಗೆ ಕಾಯಿಲೆ ಎಂದು ಸುಳ್ಳು ಹೇಳಿ ಬಂದಿದ್ದವಳು, ಗುರುತಿಲ್ಲದ ಊರಿನ ಪಡಸಾಲೆಯಲ್ಲಿ ಅಷ್ಟು ಗಂಡಸರ ಮುಂದೆ ಸೆರಗು ಸರಿಪಡಿಸಿಕೊಂಡು ಹೇಳಿದಳು. "ಹೇಲೂ ಕರುಳಿನಾಗ ಗಂಟಿತ್ತು. ಇವರ ಮೊದಲನೇ ಚೀಟಿ ಏನೂ ಇಲ್ಲ ಅಂದಿತ್ತು. ಹಿಂದಿಂದ ಪೈಪ್ ಹಾಕಿ ತಗದಾರ. ಅದ ಗಂಟಿನಿಂದ ನಮ್ಮವ್ವ ಸತ್ತಾಳ."

ಗಂಡಸರು ನೆಲ ನೋಡಿದರು. ನಕ್ಕವನೂ ನೋಡಿದ. ಒಳಬಾಗಿಲ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು, "ಭಾಳ ನೋವಾತೇನವ್ವಾ?"

"ನೋವಿಲ್ಲ. ಹಸಿವಾತು," ಎಂದಳು ನಾದಿನಿ.

"ಒಳಗ ಬಾ."

ಆಕೆ ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಉಳಿದೆ. ಯಜಮಾನರು ಹೊರಸಿನ ಮೇಲಿನ ತಮ್ಮ ಟವೆಲ್ ತೆಗೆದು, ಎದುರಿನ ಕಟ್ಟೆಯನ್ನು ಅದರಿಂದ ಒರೆಸಿದರು.

"ಕುಂದರು," ಎಂದರು. "ಮತ್ತೊಮ್ಮಿ ಹೇಳು. ಸಾವಕಾಶ ಹೇಳು."